ಓದುಗರ ಪ್ರಶ್ನೆ: ಲೆಫ್ಟಿನೆಂಟ್ ಗವರ್ನರ್‌ಗೂ ಚುನಾವಣೆಯೇ?

2025ರ ನವೆಂಬರ್ 4ರಂದು ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಗಜಾಲಾ ಹಾಶ್ಮಿ ಲೆಫ್ಟಿನೆಂಟ್ ಗವರ್ನರ್ ಆಗಿ ಗೆದ್ದರು. ಅವರು ಹುಟ್ಟಿದ್ದು ಹೈದರಾಬಾದಿನಲ್ಲಿ. 2023ರಿಂದ ಮೇರಿಲ್ಯಾಂಡಿನಲ್ಲಿ ಇದೇ ಹುದ್ದೆಯಲ್ಲಿರುವ ಅರುಣಾ ಮಿಲ್ಲರ್ ಕೂಡ ಅದೇ ಊರಿನಲ್ಲಿ ಹುಟ್ಟಿದವರು. ಈ ಸುದ್ದಿ ಓದಿದವರಿಂದಲೂ, ಮಕ್ಕಳು ಅಮೆರಿಕದಲ್ಲಿರುವ ಮನೆಗಳಿಂದಲೂ ಪತ್ರಗಳು ಬಂದಿವೆ. 2026ರ ನವೆಂಬರ್ 3ರಂದು ಟೆಕ್ಸಸ್, ಕ್ಯಾಲಿಫೋರ್ನಿಯಾ, ಜಾರ್ಜಿಯಾ ಸೇರಿ ಹಲವು ರಾಜ್ಯಗಳಲ್ಲಿ ಈ ಹುದ್ದೆಗೆ ಮತದಾನ ಇರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಇದಕ್ಕೇ ಕೊಟ್ಟಿದ್ದೇವೆ.

ದೆಹಲಿ, ಪುದುಚೇರಿಗಳ ಲೆಫ್ಟಿನೆಂಟ್ ಗವರ್ನರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ ಎಂದು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಅಮೆರಿಕದಲ್ಲಿ ಅದೇ ಹುದ್ದೆಗೆ ಜನ ಮತ ಹಾಕುವುದು ಹೇಗೆ?
— ನಿವೃತ್ತ ಶಿಕ್ಷಕರು, ಹಾಸನ

ನೀವು ಮಾಡಿದ ಪಾಠ ಸರಿಯಾಗಿಯೇ ಇದೆ ಮೇಷ್ಟ್ರೇ. ಹೆಸರು ಒಂದೇ, ಹುದ್ದೆ ಬೇರೆ. ನಮ್ಮಲ್ಲಿ ಸಂವಿಧಾನದ 239ನೇ ವಿಧಿಯಂತೆ ಕೇಂದ್ರಾಡಳಿತ ಪ್ರದೇಶವನ್ನು ರಾಷ್ಟ್ರಪತಿಯ ಪರವಾಗಿ ನೋಡಿಕೊಳ್ಳುವವರು ಲೆಫ್ಟಿನೆಂಟ್ ಗವರ್ನರ್. ಕೆನಡಾದಲ್ಲಿ ಪ್ರತಿ ಪ್ರಾಂತ್ಯಕ್ಕೂ ಒಬ್ಬ ಲೆಫ್ಟಿನೆಂಟ್ ಗವರ್ನರ್ ಇದ್ದಾರೆ. ಅವರು ಅಲ್ಲಿನ ರಾಜನ ಪ್ರತಿನಿಧಿ, ಅವರದೂ ನೇಮಕವೇ.

ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತಲ್ಲ, ಮುಖ್ಯಮಂತ್ರಿಯ ಅಧಿಕಾರವೆಲ್ಲ ಅವರದೇ. ಹಾಗಾಗಿ ಲೆಫ್ಟಿನೆಂಟ್ ಗವರ್ನರ್ ನಮ್ಮ ಉಪ ಮುಖ್ಯಮಂತ್ರಿಗೆ ಹತ್ತಿರ ಎನ್ನಬಹುದು. ಆದರೆ ನಮ್ಮ ಸಂವಿಧಾನದಲ್ಲಿ ಉಪ ಮುಖ್ಯಮಂತ್ರಿ ಎಂಬ ಹುದ್ದೆಯ ಪ್ರಸ್ತಾಪವೇ ಇಲ್ಲ. ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರೆ ಆ ಕುರ್ಚಿ ತಾನಾಗಿ ಅವರಿಗೆ ಬರುವುದೂ ಇಲ್ಲ. ಅಮೆರಿಕದಲ್ಲಿ ಈ ಹುದ್ದೆಯನ್ನು ಸಾಮಾನ್ಯವಾಗಿ ರಾಜ್ಯದ ಸಂವಿಧಾನವೇ ಸೃಷ್ಟಿಸಿದೆ. ಗವರ್ನರ್ ಕುರ್ಚಿ ಖಾಲಿಯಾದ ಗಳಿಗೆಯಲ್ಲಿ ಮೊದಲ ಹಕ್ಕು ಇವರದು. ಲೆಫ್ಟಿನೆಂಟ್ ಎಂಬ ಫ್ರೆಂಚ್ ಮೂಲದ ಪದದ ಅರ್ಥವೂ ‘ಇನ್ನೊಬ್ಬರ ಜಾಗದಲ್ಲಿ ನಿಲ್ಲುವವರು’ ಎಂದೇ.

50 ರಾಜ್ಯಗಳಲ್ಲಿ 45ರಲ್ಲಿ ಈ ಹುದ್ದೆ ಇದೆ. ಆರಿಜೋನ, ಮೇನ್, ನ್ಯೂ ಹ್ಯಾಂಪ್‌ಷೈರ್, ಆರೆಗಾನ್, ವಯೋಮಿಂಗ್‌ಗಳಲ್ಲಿ ಇಲ್ಲ. ಈ ಪೈಕಿ ಆರಿಜೋನ ಈಗ ಹೊಸದಾಗಿ ತರುತ್ತಿದೆ, ಆ ಸಂಗತಿ ಮುಂದೆ ಬರುತ್ತದೆ. ಟೆನೆಸಿ ಮತ್ತು ವೆಸ್ಟ್ ವರ್ಜೀನಿಯಾಗಳಲ್ಲಿ ರಾಜ್ಯದ ಮೇಲ್ಮನೆಯಾದ ಸೆನೆಟ್ಟಿನ ಸದಸ್ಯರು ಆರಿಸಿಕೊಂಡ ಅಧ್ಯಕ್ಷರಿಗೇ ಈ ಬಿರುದು ಸಲ್ಲುತ್ತದೆ. ಉಳಿದ 43 ರಾಜ್ಯಗಳಲ್ಲಿ ಆರಿಸುವವರು ಮತದಾರರು.

ಗವರ್ನರ್‌ಗೂ ಲೆಫ್ಟಿನೆಂಟ್ ಗವರ್ನರ್‌ಗೂ ಸೇರಿ ಒಂದೇ ಮತವೋ, ಎರಡು ಮತವೋ? ಬೇರೆ ಬೇರೆ ಪಕ್ಷದವರು ಗೆದ್ದರೆ ಏನು ಮಾಡುತ್ತಾರೆ?
— ಪದವಿ ವಿದ್ಯಾರ್ಥಿನಿ, ಬಳ್ಳಾರಿ

ಈ ಹುದ್ದೆಯ ಕೀಲಿ ಇರುವುದು ಈ ಪ್ರಶ್ನೆಯಲ್ಲಿಯೇ. 26 ರಾಜ್ಯಗಳಲ್ಲಿ ಇಬ್ಬರದೂ ಜೋಡಿ ಟಿಕೆಟ್. ಮತಪತ್ರದಲ್ಲಿ ಎರಡು ಹೆಸರು ಒಟ್ಟಿಗೆ ಇರುತ್ತವೆ, ಒಂದು ಗುರುತು ಹಾಕಿದರೆ ಇಬ್ಬರಿಗೂ ಸಲ್ಲುತ್ತದೆ. ಉಳಿದ 17 ರಾಜ್ಯಗಳಲ್ಲಿ ಇಬ್ಬರಿಗೂ ಪ್ರತ್ಯೇಕ ಮತ. ಟೆಕ್ಸಸ್, ಕ್ಯಾಲಿಫೋರ್ನಿಯಾ, ಜಾರ್ಜಿಯಾ, ವರ್ಜೀನಿಯಾ, ನಾರ್ತ್ ಕ್ಯಾರೊಲಿನಾ, ವಾಷಿಂಗ್ಟನ್ ರಾಜ್ಯ ಎಲ್ಲ ಈ ಗುಂಪಿನವು.

ಪ್ರತ್ಯೇಕ ಮತ ಹೇಗೆ ನಡೆಯುತ್ತದೆ ಎಂಬುದಕ್ಕೆ ವರ್ಜೀನಿಯಾ ನೋಡಿ. 2025ರಲ್ಲಿ ರಾಜ್ಯಮಟ್ಟದ ಮೂರು ಸ್ಪರ್ಧೆಗಳು ಒಂದೇ ಮತಪತ್ರದಲ್ಲಿದ್ದವು: ಗವರ್ನರ್, ಲೆಫ್ಟಿನೆಂಟ್ ಗವರ್ನರ್, ಅಟಾರ್ನಿ ಜನರಲ್. ಮೂರನ್ನೂ ಡೆಮಾಕ್ರಟರೇ ಗೆದ್ದರು. ಆದರೆ ಗವರ್ನರ್ ಆದ ಅಬಿಗೈಲ್ ಸ್ಪ್ಯಾನ್‌ಬರ್ಗರ್ ಅವರಿಗೆ ಶೇ 57ರ ಆಸುಪಾಸು, ಹಾಶ್ಮಿಯವರಿಗೆ ಶೇ 55ರ ಆಸುಪಾಸು, ಅಟಾರ್ನಿ ಜನರಲ್ ಆದ ಜೇ ಜೋನ್ಸ್ ಅವರಿಗೆ ಶೇ 53ರ ಆಸುಪಾಸು ಮತ ಬಿತ್ತು. ಒಂದೇ ಹಾಳೆಯಲ್ಲಿ ಒಂದು ಸಾಲಿಗೆ ಈ ಪಕ್ಷ, ಮತ್ತೊಂದು ಸಾಲಿಗೆ ಆ ಪಕ್ಷ ಎಂದು ಗುರುತು ಹಾಕಿದವರು ಸಾಕಷ್ಟು ಮಂದಿ ಇದ್ದರು ಎಂದು ಈ ಅಂತರವೇ ಹೇಳುತ್ತದೆ.

ಇನ್ನೊಂದನ್ನು ಗಮನಿಸಬೇಕು. ಹಾಶ್ಮಿಯವರಿಗೆ ಕಷ್ಟವಾದದ್ದು ನವೆಂಬರ್ ಚುನಾವಣೆಯಲ್ಲ, ಜೂನ್ 17ರ ಪ್ರೈಮರಿ. ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತದಾರರೇ ತೀರ್ಮಾನಿಸುವ ಒಳಚುನಾವಣೆ ಅದು. ಕಣದಲ್ಲಿ ಆರು ಜನ. ಅವರಿಗೆ ಸಿಕ್ಕಿದ್ದು ಶೇ 28ಕ್ಕಿಂತ ಕಡಿಮೆ, ಎರಡನೆಯವರಿಗಿಂತ ಒಂದು ಶೇಕಡಾಂಶವೂ ಮುಂದಿರಲಿಲ್ಲ. ವರ್ಜೀನಿಯಾದಲ್ಲಿ ಹೆಚ್ಚು ಮತ ಪಡೆದವರೇ ಅಭ್ಯರ್ಥಿ, ಎರಡನೇ ಸುತ್ತು ಇಲ್ಲ. ಇಂಥ ಹುದ್ದೆಗೆ ಪ್ರೈಮರಿಯಲ್ಲಿ ಮತ ಹಾಕಲು ಬರುವವರೇ ಕಡಿಮೆ. ಹಾಗೆ ಬಂದವರ ಒಂದೊಂದು ಮತಕ್ಕೂ ನವೆಂಬರ್‌ನ ಮತಕ್ಕಿಂತ ಹೆಚ್ಚು ತೂಕ.

ಜೋಡಿ ಟಿಕೆಟ್ಟಿನಲ್ಲೂ ಎರಡು ಮೂರು ದಾರಿಗಳಿವೆ. ಮೇರಿಲ್ಯಾಂಡಿನಲ್ಲಿ ಗವರ್ನರ್ ಅಭ್ಯರ್ಥಿ ನಾಮಪತ್ರ ಸಲ್ಲಿಸುವಾಗಲೇ ಜೊತೆಗಾರರ ಹೆಸರು ಕೊಡಬೇಕು, ಪ್ರೈಮರಿಯಲ್ಲಿಯೇ ಇಬ್ಬರೂ ಜೋಡಿ. ವೆಸ್ ಮೂರ್ ಮತ್ತು ಅರುಣಾ ಮಿಲ್ಲರ್ 2022ರಲ್ಲಿ ಬಂದದ್ದು ಹೀಗೆ. ಮಿಷಿಗನ್‌ನಲ್ಲಿ ಪ್ರೈಮರಿ ಮುಗಿದ ಮೇಲೆ ಪಕ್ಷದ ಸಮಾವೇಶದಲ್ಲಿ ಜೊತೆಗಾರರು ತೀರ್ಮಾನವಾಗುತ್ತಾರೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2018ರಲ್ಲಿ ಅಲ್ಲಿ ಗವರ್ನರ್ ಹುದ್ದೆಗೆ ಡೆಮಾಕ್ರಟಿಕ್ ಪ್ರೈಮರಿಗೆ ನಿಂತು ಮೂರನೆಯವರಾದರು. ಗೆದ್ದ ಗ್ರೆಚೆನ್ ವಿಟ್ಮರ್ ಆಮೇಲೆ ಗಾರ್ಲಿನ್ ಗಿಲ್‌ಕ್ರಿಸ್ಟ್ ಅವರನ್ನು ಜೊತೆಗಾರರನ್ನಾಗಿ ಆರಿಸಿಕೊಂಡರು. ಥಾನೇದಾರ್ 2022ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು.

ಮೂರನೆಯ ದಾರಿಯೇ ತಲೆನೋವಿನದು. ಪೆನ್ಸಿಲ್ವೇನಿಯಾ, ಮ್ಯಾಸಚೂಸೆಟ್ಸ್‌ಗಳಲ್ಲಿ ಪ್ರೈಮರಿ ಬೇರೆ ಬೇರೆ, ನವೆಂಬರ್‌ನಲ್ಲಿ ಜೋಡಿ. ಅಂದರೆ ಗವರ್ನರ್ ಅಭ್ಯರ್ಥಿಗೆ ಇಷ್ಟವಿರಲಿ ಬಿಡಲಿ, ಮತದಾರರು ಆರಿಸಿದವರ ಜೊತೆ ಒಂದೇ ನೊಗಕ್ಕೆ ಹೆಗಲು ಕೊಡಬೇಕು. 2018ರ ಮೇ ತಿಂಗಳಲ್ಲಿ ಪೆನ್ಸಿಲ್ವೇನಿಯಾದ ಮತದಾರರು ಹಾಲಿ ಲೆಫ್ಟಿನೆಂಟ್ ಗವರ್ನರ್ ಮೈಕ್ ಸ್ಟ್ಯಾಕ್ ಅವರನ್ನು ಸೋಲಿಸಿ, ಬ್ರ್ಯಾಡಕ್ ಎಂಬ ಸಣ್ಣ ಊರಿನ ಮೇಯರ್ ಆಗಿದ್ದ ಜಾನ್ ಫೆಟರ್‌ಮನ್ ಅವರನ್ನು ಆರಿಸಿದರು. ಹಾಲಿ ಗವರ್ನರ್ ಟಾಮ್ ವುಲ್ಫ್ ಅವರ ಜೊತೆಗಾರರು ಬದಲಾದದ್ದು ಹೀಗೆ, ಮತದಾರರ ಕೈಯಿಂದ.

ಬೇರೆ ಪಕ್ಷದವರು ಗೆದ್ದರೆ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಸ್ಥಿತಿ ಬರಬಹುದು. ಹೇಗೆಂದು ಮುಂದಿನ ಉತ್ತರಗಳಲ್ಲಿ ನೋಡಿ.

ಗವರ್ನರ್ ಗಟ್ಟಿಯಾಗಿ ಕುಳಿತಿರುವಾಗ ಇವರಿಗೆ ಕೆಲಸವಾದರೂ ಏನು?
— ಕಾನೂನು ವಿದ್ಯಾರ್ಥಿ, ಧಾರವಾಡ

ಮೇಲ್ಮನೆಯಾದ ರಾಜ್ಯ ಸೆನೆಟ್ಟಿನ ಸುತ್ತಿಗೆ ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ಕೇಳಿ. ಉತ್ತರ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ.

ವರ್ಜೀನಿಯಾದಲ್ಲಿ 40 ಸದಸ್ಯರ ಸೆನೆಟ್ಟಿಗೆ ಲೆಫ್ಟಿನೆಂಟ್ ಗವರ್ನರ್ ಸಭಾಪತಿ. ಅವರು ಸದಸ್ಯರಲ್ಲ. 20–20 ಎಂದು ಸಮ ಬಿದ್ದಾಗ ಮಾತ್ರ ಮತ ಹಾಕಬಹುದು. ನಮ್ಮ ಸಂವಿಧಾನದ 189ನೇ ವಿಧಿ ವಿಧಾನ ಪರಿಷತ್ತಿನ ಸಭಾಪತಿಗೆ ಕೊಡುವ ನಿರ್ಣಾಯಕ ಮತವೂ ಇಂಥದ್ದೇ. ಆದರೆ ವರ್ಜೀನಿಯಾದಲ್ಲಿ ಅದಕ್ಕೂ ಮಿತಿ ಇದೆ. ಬಜೆಟ್, ತೆರಿಗೆ ಮಸೂದೆಗಳ ಅಂತಿಮ ಅಂಗೀಕಾರಕ್ಕೆ ಚುನಾಯಿತ ಸದಸ್ಯರದೇ ಬಹುಮತ ಬೇಕೆಂದು ಅಲ್ಲಿನ ಸಂವಿಧಾನ ಹೇಳುತ್ತದೆ. ಇವರು ಸದಸ್ಯರಲ್ಲವಾದ್ದರಿಂದ ಅಲ್ಲಿ ಇವರ ಮತ ನಡೆಯುವುದಿಲ್ಲ. 2012ರಲ್ಲಿ ಸೆನೆಟ್ 20–20 ಆಗಿದ್ದಾಗ ಆಗಿನ ಲೆಫ್ಟಿನೆಂಟ್ ಗವರ್ನರ್ ಬಿಲ್ ಬೋಲಿಂಗ್ ಬೇರೆ ವಿಷಯಗಳಲ್ಲಿ ಮತ ಹಾಕಿದರೂ ಬಜೆಟ್ ವಿಷಯದಲ್ಲಿ ತನಗೆ ಹಕ್ಕಿಲ್ಲ ಎಂದೇ ನಿಂತರು.

ಆ ಒಂದು ಮತದ ಬೆಲೆ ಎಷ್ಟು? 2013ರಲ್ಲಿ ಸೆನೆಟ್ ಸದಸ್ಯ ರಾಲ್ಫ್ ನಾರ್ದಮ್ ಈ ಹುದ್ದೆಗೆ ಗೆದ್ದಾಗ ಅವರ ಸೆನೆಟ್ ಸ್ಥಾನ ಖಾಲಿಯಾಯಿತು. 2014ರ ಜನವರಿಯಲ್ಲಿ ನಡೆದ ಉಪಚುನಾವಣೆಯಲ್ಲಿ ಡೆಮಾಕ್ರಟ್ ಲಿನ್‌ವುಡ್ ಲೂಯಿಸ್ ಗೆದ್ದದ್ದು 9 ಮತಗಳಿಂದ. ಮರುಎಣಿಕೆಯಲ್ಲಿ ಅದು 11 ಆಯಿತು. ಆ ಸ್ಥಾನ ಉಳಿದದ್ದರಿಂದ ಸದನ ಸಮಬಲವಾಯಿತು. ನಾರ್ದಮ್ ಅವರ ನಿರ್ಣಾಯಕ ಮತದ ಬಲದಿಂದ ಡೆಮಾಕ್ರಟರು ಸಮಿತಿಗಳ ಹಿಡಿತವನ್ನೇ ಪಡೆದರು.

ಟೆಕ್ಸಸ್‌ನಲ್ಲಿ ಈ ಹುದ್ದೆ ಬಲು ಬಲವಾದದ್ದು. 31 ಸದಸ್ಯರ ಸೆನೆಟ್ಟಿನಲ್ಲಿ ಯಾವ ಸಮಿತಿಗೆ ಯಾರು, ಯಾವ ಮಸೂದೆ ಯಾವ ಸಮಿತಿಗೆ, ಯಾವುದು ಚರ್ಚೆಗೆ ಬರಬೇಕು ಎಂಬುದೆಲ್ಲ ಲೆಫ್ಟಿನೆಂಟ್ ಗವರ್ನರ್ ಕೈಯಲ್ಲಿದೆ. 2015ರಿಂದ ಡ್ಯಾನ್ ಪ್ಯಾಟ್ರಿಕ್ ಅಲ್ಲಿದ್ದಾರೆ. ಈ ಬಲದ ಹೆಚ್ಚಿನ ಪಾಲು ರಾಜ್ಯದ ಸಂವಿಧಾನದಿಂದ ಬಂದದ್ದಲ್ಲ, ಸೆನೆಟ್ ತಾನೇ ಬರೆದುಕೊಂಡ ನಡಾವಳಿ ನಿಯಮಗಳಿಂದ ಬಂದದ್ದು. ಸದಸ್ಯರು ಮನಸ್ಸು ಮಾಡಿದರೆ ನಿಯಮ ಬದಲಿಸಬಹುದು. ಕಾನೂನು ಓದುವವರು ಈ ವ್ಯತ್ಯಾಸವನ್ನು ನೆನಪಿಡಿ.

ಮೇರಿಲ್ಯಾಂಡಿನಲ್ಲಿ ಸೆನೆಟ್ಟಿಗೆ ಬೇರೆಯೇ ಅಧ್ಯಕ್ಷರಿದ್ದಾರೆ, ಗವರ್ನರ್ ಒಪ್ಪಿಸಿದ್ದೇ ಇವರ ಕೆಲಸ. ನ್ಯೂಜೆರ್ಸಿಯಲ್ಲಿ ಇವರು ಒಂದು ಇಲಾಖೆಯನ್ನು ಕಡ್ಡಾಯವಾಗಿ ನಡೆಸಬೇಕು, ಅಂದರೆ ಸಚಿವರ ಕೆಲಸ. ‘ಕೆಲಸವಿಲ್ಲದ ಹುದ್ದೆ’ ಎಂದು ಸಾರಾಸಗಟಾಗಿ ಹೇಳುವವರು ಯಾವ ರಾಜ್ಯದ ಮಾತು ಎಂದು ಹೇಳುವುದಿಲ್ಲ, ಅದಕ್ಕೇ ಆ ಮಾತು ನಿಲ್ಲುವುದಿಲ್ಲ.

ಸಂಬಳ ಎಷ್ಟು?
— ಓದುಗರು, ಗದಗ

ವರ್ಜೀನಿಯಾದಲ್ಲಿ ವರ್ಷಕ್ಕೆ 36,321 ಡಾಲರ್, ಅರೆಕಾಲಿಕ ಹುದ್ದೆ ಎಂಬ ಲೆಕ್ಕದಲ್ಲಿ. ಟೆಕ್ಸಸ್‌ನಲ್ಲಿ ಅಷ್ಟೆಲ್ಲ ಅಧಿಕಾರವಿದ್ದರೂ ಶಾಸಕರಿಗೆ ಕೊಡುವ 7,200 ಡಾಲರ್ ಮಾತ್ರ. ಇಷ್ಟು ಕಡಿಮೆ ಕೊಟ್ಟರೆ ಬೇರೆ ಆದಾಯ ಇರುವವರು ಮಾತ್ರ ಕಣಕ್ಕಿಳಿಯಲು ಸಾಧ್ಯ, ಇದು ನಿಜವಾದ ಕೊರತೆ.

ಗವರ್ನರ್ ಪರವೂರಿಗೆ ಹೋದಾಗ ಲೆಫ್ಟಿನೆಂಟ್ ಗವರ್ನರ್ ಆದೇಶ ಹೊರಡಿಸಬಹುದು ಎಂದು ಕೇಳಿದ್ದೇನೆ, ನಿಜವೇ?
— ಬ್ಯಾಂಕ್ ಉದ್ಯೋಗಿ, ಉಡುಪಿ

ಕೆಲವು ರಾಜ್ಯಗಳಲ್ಲಿ ನಿಜ. ಕುದುರೆ ಮೇಲೆ ಓಲೆ ಕಳಿಸುತ್ತಿದ್ದ ಕಾಲದಲ್ಲಿ ಬರೆದ ನಿಯಮ: ಗವರ್ನರ್ ರಾಜ್ಯದ ಗಡಿ ದಾಟಿದರೆ ಅಧಿಕಾರ ಲೆಫ್ಟಿನೆಂಟ್ ಗವರ್ನರ್‌ಗೆ. ಫೋನ್ ಇರುವ ಕಾಲದಲ್ಲೂ ಅದು ಹಾಗೇ ಉಳಿದಿದೆ.

ಐಡಹೋ ರಾಜ್ಯದಲ್ಲಿ 2021ರ ಮೇ ಕೊನೆಯಲ್ಲಿ ಗವರ್ನರ್ ಬ್ರ್ಯಾಡ್ ಲಿಟಲ್ ಸಮಾವೇಶಕ್ಕೆಂದು ಹೊರರಾಜ್ಯಕ್ಕೆ ಹೋದರು. ಲೆಫ್ಟಿನೆಂಟ್ ಗವರ್ನರ್ ಜ್ಯಾನಿಸ್ ಮೆಗೀಹನ್ ಶಾಲೆಗಳು, ಸ್ಥಳೀಯ ಸಂಸ್ಥೆಗಳು ಮಾಸ್ಕ್ ಕಡ್ಡಾಯ ಮಾಡಬಾರದೆಂದು ಆದೇಶ ಹೊರಡಿಸಿದರು. ಲಿಟಲ್ ಮರುದಿನವೇ ಬಂದು ಅದನ್ನು ರದ್ದು ಮಾಡಿದರು. ಅಕ್ಟೋಬರ್‌ನಲ್ಲಿ ಮತ್ತೆ ಅದೇ ಕತೆ, ಈ ಬಾರಿ ಲಸಿಕೆ ವಿಷಯಕ್ಕೆ. ಇಬ್ಬರೂ ರಿಪಬ್ಲಿಕನ್ ಪಕ್ಷದವರೇ ಎಂಬುದನ್ನು ಗಮನಿಸಿ. ಪ್ರತ್ಯೇಕವಾಗಿ ಗೆದ್ದವರು ಒಂದೇ ಪಕ್ಷದವರಾದರೂ ಒಬ್ಬರ ಋಣದಲ್ಲಿ ಮತ್ತೊಬ್ಬರು ಇರುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇದು ಕೋರ್ಟಿಗೇ ಹೋಯಿತು. 1979ರಲ್ಲಿ ಡೆಮಾಕ್ರಟ್ ಗವರ್ನರ್ ಜೆರ್ರಿ ಬ್ರೌನ್ ರಾಜ್ಯದ ಹೊರಗಿದ್ದಾಗ ರಿಪಬ್ಲಿಕನ್ ಲೆಫ್ಟಿನೆಂಟ್ ಗವರ್ನರ್ ಮೈಕ್ ಕರ್ಬ್ ಒಬ್ಬ ನ್ಯಾಯಾಧೀಶರನ್ನು ನಾಮಕರಣ ಮಾಡಿದರು. ಗವರ್ನರ್ ಇಲ್ಲದಾಗ ಅಧಿಕಾರ ಇವರದೇ ಹೌದು, ಆದರೆ ನೇಮಕ ಅಂತಿಮವಾಗುವ ಮೊದಲು ಗವರ್ನರ್ ಹಿಂದಿರುಗಿ ಅದನ್ನು ಹಿಂಪಡೆಯಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ನಾರ್ತ್ ಕ್ಯಾರೊಲಿನಾದಲ್ಲಿ ಡೆಮಾಕ್ರಟ್ ಗವರ್ನರ್ ರಾಯ್ ಕೂಪರ್ 2024ರ ಜುಲೈನಲ್ಲಿ ಉಪಾಧ್ಯಕ್ಷ ಅಭ್ಯರ್ಥಿಯ ಪರಿಗಣನೆಯಿಂದ ಹಿಂದೆ ಸರಿದಾಗ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ತಾನು ಪ್ರಚಾರಕ್ಕೆ ರಾಜ್ಯ ಬಿಟ್ಟಾಗಲೆಲ್ಲ ಅಧಿಕಾರ ರಿಪಬ್ಲಿಕನ್ ಲೆಫ್ಟಿನೆಂಟ್ ಗವರ್ನರ್ ಕೈಗೆ ಹೋಗುತ್ತದಲ್ಲ ಎಂಬ ಚಿಂತೆ.

ಗವರ್ನರ್ ನಡುವೆಯೇ ಹೋದರೆ, ಅಥವಾ ಲೆಫ್ಟಿನೆಂಟ್ ಗವರ್ನರೇ ಇಲ್ಲದಿದ್ದರೆ?
— ಪತ್ರಿಕೋದ್ಯಮ ವಿದ್ಯಾರ್ಥಿ, ತುಮಕೂರು

2021ರ ಆಗಸ್ಟ್ 24ರಂದು ನ್ಯೂಯಾರ್ಕಿನಲ್ಲಿ ಆ್ಯಂಡ್ರ್ಯೂ ಕುಮೋ ಹೋಗಿ ಕ್ಯಾಥಿ ಹೋಕಲ್ ಗವರ್ನರ್ ಆದದ್ದು ಸುಲಭದ ಉದಾಹರಣೆ. ತೊಡಕು ಶುರುವಾದದ್ದು ಆಮೇಲೆ. ಅವರು ನೇಮಿಸಿದ ಲೆಫ್ಟಿನೆಂಟ್ ಗವರ್ನರ್ ಬ್ರಯಾನ್ ಬೆಂಜಮಿನ್ ಮೇಲೆ ಪ್ರಕರಣ ದಾಖಲಾಗಿ 2022ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು. ಜೂನ್ ಪ್ರೈಮರಿಗೆ ಅವರ ಹೆಸರು ಆಗಲೇ ಮತಪತ್ರಕ್ಕೆ ಸೇರಿತ್ತು. ಅಭ್ಯರ್ಥಿ ಸತ್ತರೆ, ರಾಜ್ಯ ಬಿಟ್ಟರೆ, ಬೇರೆ ಹುದ್ದೆಗೆ ನಿಂತರೆ ಮಾತ್ರ ಹೆಸರು ತೆಗೆಯಬಹುದು ಎಂಬುದು ಆಗಿನ ಕಾನೂನು. ಕೊನೆಗೆ ಶಾಸನಸಭೆ ಮೇ ತಿಂಗಳಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ಆ ಜಾಗಕ್ಕೆ ಆಂಟೋನಿಯೊ ಡೆಲ್ಗಾಡೊ ಬಂದರು.

ಹುದ್ದೆ ಖಾಲಿ ಇದ್ದರೆ ಏನಾಗುತ್ತದೆ ಎಂಬುದಕ್ಕೂ ನ್ಯೂಯಾರ್ಕೇ ಸಾಕ್ಷಿ. 2008ರಲ್ಲಿ ಗವರ್ನರ್ ರಾಜೀನಾಮೆ ಕೊಟ್ಟು ಲೆಫ್ಟಿನೆಂಟ್ ಗವರ್ನರ್ ಡೇವಿಡ್ ಪ್ಯಾಟರ್ಸನ್ ಮೇಲೇರಿದ್ದರಿಂದ ಅವರ ಹಳೆಯ ಕುರ್ಚಿ ಬರಿದಾಗಿತ್ತು. 2009ರ ಬೇಸಿಗೆಯಲ್ಲಿ 62 ಸದಸ್ಯರ ಸೆನೆಟ್ 31–31 ಎಂದು ಒಡೆಯಿತು. ಸಭಾಪತಿ ಇಲ್ಲ, ನಿರ್ಣಾಯಕ ಮತ ಇಲ್ಲ, ಸದನ ವಾರಗಟ್ಟಲೆ ನಿಂತುಹೋಯಿತು. ಪ್ಯಾಟರ್ಸನ್ ತಾವೇ ರಿಚರ್ಡ್ ರ್‍ಯಾವಿಚ್ ಅವರನ್ನು ನೇಮಿಸಿದರು. ಆ ನೇಮಕ ಸರಿ ಎಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ ಹೇಳಿದ್ದು 4–3ರ ಅಂತರದಲ್ಲಿ.

ನ್ಯೂಜೆರ್ಸಿ ಈ ಹುದ್ದೆಯನ್ನು ತಂದದ್ದು ಇಂಥ ಪಾಡು ಪಟ್ಟ ಮೇಲೆಯೇ. 2004ರಲ್ಲಿ ಗವರ್ನರ್ ಜಿಮ್ ಮೆಕ್‌ಗ್ರೀವಿ ರಾಜೀನಾಮೆ ಕೊಟ್ಟಾಗ ಸೆನೆಟ್ ಅಧ್ಯಕ್ಷ ರಿಚರ್ಡ್ ಕೋಡಿ ಎರಡೂ ಕುರ್ಚಿಯಲ್ಲಿ ಕುಳಿತರು, ಮಸೂದೆ ಪಾಸು ಮಾಡುವ ಮನೆಗೂ ಅವರೇ ಯಜಮಾನರು, ಸಹಿ ಹಾಕುವವರೂ ಅವರೇ. 2005ರಲ್ಲಿ ಜನ ಸಂವಿಧಾನ ತಿದ್ದುಪಡಿಗೆ ಒಪ್ಪಿದರು, 2009ರಲ್ಲಿ ಮೊದಲ ಲೆಫ್ಟಿನೆಂಟ್ ಗವರ್ನರ್ ಆಗಿ ಕಿಮ್ ಗ್ವಾಡಾನೊ ಆಯ್ಕೆಯಾದರು.

ಆರಿಜೋನದ ಕಾರಣ ಮತ್ತೊಂದು ಬಗೆ. ಅಲ್ಲಿ ಗವರ್ನರ್ ಹೋದರೆ ಸೆಕ್ರೆಟರಿ ಆಫ್ ಸ್ಟೇಟ್ ಎಂಬ ಅಧಿಕಾರಿ ಗವರ್ನರ್ ಆಗುತ್ತಾರೆ, ಅವರು ಬೇರೆ ಪಕ್ಷದವರಿರಬಹುದು. 2009ರಲ್ಲಿ ಡೆಮಾಕ್ರಟ್ ಜ್ಯಾನೆಟ್ ನಪೊಲಿಟಾನೊ ಒಬಾಮ ಸಂಪುಟ ಸೇರಿದಾಗ ರಿಪಬ್ಲಿಕನ್ ಜ್ಯಾನ್ ಬ್ರೂವರ್ ಗವರ್ನರ್ ಆದರು, ಮತದಾನವಿಲ್ಲದೆಯೇ ಪಕ್ಷ ಬದಲಾಯಿತು. 2022ರ ನವೆಂಬರ್‌ನಲ್ಲಿ ಮತದಾರರು ಹೊಸ ಹುದ್ದೆಗೆ ಒಪ್ಪಿಗೆ ಕೊಟ್ಟರು. 2026ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಜೋಡಿ ಟಿಕೆಟ್ಟಿನಲ್ಲಿ ಆಯ್ಕೆ. ಗವರ್ನರ್ ಅಭ್ಯರ್ಥಿ ಚುನಾವಣೆಗೆ 60 ದಿನ ಮೊದಲು ಜೊತೆಗಾರರ ಹೆಸರು ಹೇಳಬೇಕು.

ಮಗಳು ಟೆಕ್ಸಸ್‌ನಲ್ಲಿದ್ದಾಳೆ, ಗ್ರೀನ್ ಕಾರ್ಡ್ ಇದೆ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ನೋಂದಣಿ ಬೇಕೇ ಎಂದು ಕೇಳಿದರಂತೆ. ಹೂಂ ಅನ್ನಬಹುದೇ? ನಾವು ಹೋದಾಗ ನಮ್ಮ ಕಡೆಯ ಅಭ್ಯರ್ಥಿಗೆ ಸ್ವಲ್ಪ ದೇಣಿಗೆ ಕೊಡಬಹುದೇ?
— ಗೃಹಿಣಿ, ಮೈಸೂರು

ಅಮ್ಮಾ, ಎರಡಕ್ಕೂ ಗಟ್ಟಿಯಾಗಿ ಬೇಡ ಎನ್ನುತ್ತೇವೆ.

ಮೊದಲನೆಯದು. ಲೆಫ್ಟಿನೆಂಟ್ ಗವರ್ನರ್ ಚುನಾವಣೆಯಲ್ಲಿ ಮತ ಹಾಕಲು ಅಮೆರಿಕದ ಪೌರತ್ವ ಬೇಕು, ಗ್ರೀನ್ ಕಾರ್ಡ್ ಸಾಲದು. ಲೈಸೆನ್ಸ್ ಕೌಂಟರಿನಲ್ಲಿ ಆ ಪ್ರಶ್ನೆ ಎಲ್ಲರಿಗೂ ಕೇಳುತ್ತಾರೆ, ಕೇಳಿದರು ಎಂದ ಮಾತ್ರಕ್ಕೆ ಅರ್ಹತೆ ಇದೆ ಎಂದಲ್ಲ. ಅರ್ಜಿಯಲ್ಲಿ ‘ನೀವು ಪೌರರೇ’ ಎಂಬಲ್ಲಿ ‘ಇಲ್ಲ’, ‘ನೋಂದಣಿ ಬೇಕೇ’ ಎಂಬಲ್ಲಿಯೂ ‘ಇಲ್ಲ’ ಎಂದೇ ಗುರುತು ಹಾಕಬೇಕು. ಅವಸರದಲ್ಲಿ ತಪ್ಪು ಚೌಕಕ್ಕೆ ಗುರುತು ಬಿದ್ದರೆ ಮನೆಗೆ ಮತದಾರರ ಕಾರ್ಡ್ ಬಂದುಬಿಡುತ್ತದೆ. ಅಲ್ಲಿಂದ ಮುಂದೆ ತೊಂದರೆ: ಪೌರತ್ವದ ಎನ್-400 ಅರ್ಜಿಯಲ್ಲಿ ‘ಎಂದಾದರೂ ನೋಂದಣಿ ಮಾಡಿಸಿದ್ದೀರಾ, ಮತ ಹಾಕಿದ್ದೀರಾ’ ಎಂಬ ಪ್ರಶ್ನೆ ಇದೆ. ಪೌರರೆಂದು ಸುಳ್ಳು ಹೇಳಿದ್ದು ಗಡೀಪಾರಿಗೂ ಕಾರಣವಾಗಬಲ್ಲದು. ಆಗಲೇ ತಪ್ಪಾಗಿದ್ದರೆ ಕಾರ್ಡನ್ನು ಡ್ರಾಯರಿನಲ್ಲಿಟ್ಟು ಮರೆಯಬೇಡಿ. ಮತ ಹಾಕಲೇಬೇಡಿ. ವಲಸೆ ವಕೀಲರನ್ನು ಕಂಡು, ಅವರ ಸಲಹೆಯಂತೆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ನೋಂದಣಾಧಿಕಾರಿಗೆ ಲಿಖಿತವಾಗಿ ಬರೆದು ಹೆಸರು ತೆಗೆಸಿ, ತೆಗೆದ ಪತ್ರದ ಪ್ರತಿ ಇಟ್ಟುಕೊಳ್ಳಿ. ಎನ್-400 ಸಲ್ಲಿಸುವ ಮುಂಚೆ ಇದು ಮುಗಿದಿರಬೇಕು.

ಎರಡನೆಯದು. ಪ್ರವಾಸಿ ವೀಸಾ, ಎಚ್-1ಬಿ ಉದ್ಯೋಗ ವೀಸಾ, ಎಫ್-1 ವಿದ್ಯಾರ್ಥಿ ವೀಸಾ ಇರುವವರು ಅಮೆರಿಕದ ಯಾವ ಚುನಾವಣೆಗೂ ಹಣ ಕೊಡುವಂತಿಲ್ಲ. ಈ ನಿಷೇಧ ಕೇಂದ್ರ ಕಾನೂನಿನದು, ರಾಜ್ಯದ ಚುನಾವಣೆಗಳಿಗೂ ಅನ್ವಯ. ಗ್ರೀನ್ ಕಾರ್ಡ್ ಇರುವ ನಿಮ್ಮ ಮಗಳು ಮಾತ್ರ ತನ್ನ ದುಡಿಮೆಯ ಹಣದಿಂದ ಕೊಡಬಹುದು. ನೀವು ಕೊಟ್ಟ ದುಡ್ಡನ್ನು ಅವಳ ಹೆಸರಲ್ಲಿ ಕಟ್ಟುವುದು ಇನ್ನೂ ದೊಡ್ಡ ತಪ್ಪು. ಸಂಬಳ ಪಡೆಯದೆ ಕರಪತ್ರ ಹಂಚುವುದು, ಫೋನ್ ಮಾಡುವುದು ಪೌರರಲ್ಲದವರಿಗೂ ಸಲ್ಲುತ್ತದೆ.

ಈ ವರ್ಷ ಪೌರತ್ವದ ಪ್ರಮಾಣ ಸ್ವೀಕರಿಸಿದೆ. ಟೆಕ್ಸಸ್‌ನಲ್ಲಿ ಮೊದಲ ಮತ. ಏನೇನು ಮಾಡಬೇಕು, ಎಲ್ಲಿ ಎಡವುತ್ತಾರೆ?
— ಸಾಫ್ಟ್‌ವೇರ್ ಎಂಜಿನಿಯರ್, ಡಲ್ಲಾಸ್ ಬಳಿ (ಊರು ದಾವಣಗೆರೆ)

ಅಭಿನಂದನೆ. ಪ್ರಮಾಣ ಮುಗಿದ ಕೂಡಲೇ ಸೋಷಿಯಲ್ ಸೆಕ್ಯುರಿಟಿ ಕಚೇರಿಯಲ್ಲೂ ಲೈಸೆನ್ಸ್ ಕಚೇರಿಯಲ್ಲೂ ಪೌರತ್ವದ ದಾಖಲೆ ತೋರಿಸಿ ಮಾಹಿತಿ ತಿದ್ದಿಸಿ. ಬಹಳ ಮಂದಿ ಬಿಟ್ಟುಬಿಡುವುದು ಇದನ್ನೇ. 2019ರ ಜನವರಿಯಲ್ಲಿ ಟೆಕ್ಸಸ್ ಸರ್ಕಾರ ಲೈಸೆನ್ಸ್ ದಾಖಲೆಗಳನ್ನು ತಾಳೆ ನೋಡಿ ಸುಮಾರು 95,000 ಮತದಾರರ ಪೌರತ್ವವನ್ನು ಪ್ರಶ್ನಿಸಿತು. ಅವರಲ್ಲಿ ಸಾವಿರಾರು ಮಂದಿ ಲೈಸೆನ್ಸ್ ಪಡೆದ ಮೇಲೆ ಪೌರರಾದವರು, ದಾಖಲೆ ಮಾತ್ರ ಹಳೆಯದು. ಮೊಕದ್ದಮೆಗಳಾದವು, ಏಪ್ರಿಲ್‌ನಲ್ಲಿ ಸರ್ಕಾರ ಪಟ್ಟಿ ಹಿಂತೆಗೆದುಕೊಂಡಿತು. ಇಂಥ ನೋಟಿಸ್ ನಿಮಗೆ ಬಂದರೆ ಅದರಲ್ಲಿ ಹೇಳಿದ ಗಡುವಿನೊಳಗೆ ಪೌರತ್ವ ಪತ್ರದ ಅಥವಾ ಅಮೆರಿಕನ್ ಪಾಸ್‌ಪೋರ್ಟಿನ ಪ್ರತಿ ಕಳಿಸಿ. ಸುಮ್ಮನಿದ್ದರೆ ಹೆಸರು ಹೋಗುತ್ತದೆ.

ನೋಂದಣಿ ಅರ್ಜಿ ಚುನಾವಣೆಗೆ 30 ದಿನ ಮೊದಲು ಸೇರಬೇಕು. ಈ ಬಾರಿ ಕಡೆಯ ದಿನ ಅಕ್ಟೋಬರ್ 5. ಟೆಕ್ಸಸ್‌ನಲ್ಲಿ ಹೊಸಬರಿಗೆ ಪೂರ್ತಿ ಆನ್‌ಲೈನ್ ನೋಂದಣಿ ಇಲ್ಲ. ಜಾಲತಾಣದಲ್ಲಿ ತುಂಬಿದ ಮೇಲೂ ಮುದ್ರಿಸಿ, ಸಹಿ ಮಾಡಿ, ಕೌಂಟಿ ಕಚೇರಿಗೆ ಅಂಚೆಯಲ್ಲಿ ಕಳಿಸಬೇಕು. ಪರದೆಯ ಮೇಲೆ ತುಂಬಿ ‘ಆಯಿತು’ ಎಂದು ಬಿಟ್ಟವರು ಮತದಾನದ ದಿನ ಹೆಸರಿಲ್ಲದೆ ಹಿಂದಿರುಗುತ್ತಾರೆ.

ನಮ್ಮವರಿಗೆ ವಿಶೇಷವಾಗಿ ಕಾಡುವುದು ಹೆಸರು. ಊರ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಇದ್ದದ್ದು ಪಾಸ್‌ಪೋರ್ಟಿನಲ್ಲಿ ಬಿಡಿಸಿಕೊಂಡು ಉಪನಾಮದ ಜಾಗಕ್ಕೆ ಹೋಗಿರುತ್ತದೆ. ಒಂದೇ ಹೆಸರಿದ್ದವರ ವೀಸಾದಲ್ಲಿ ಮುಂದೆ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಸಂಕ್ಷೇಪ) ಸೇರಿರುತ್ತದೆ. ಪೌರತ್ವದ ವೇಳೆ ಹೆಸರು ಬದಲಿಸಿಕೊಂಡಿದ್ದರೆ ಹೊಸದೊಂದು ರೂಪ. ನೋಂದಣಿ ಅರ್ಜಿಯಲ್ಲಿ ಲೈಸೆನ್ಸಿನಲ್ಲಿ ಇರುವಂತೆಯೇ, ಅದೇ ಕ್ರಮದಲ್ಲಿ ಬರೆಯಿರಿ. ಮತಗಟ್ಟೆಯಲ್ಲಿ ಸ್ವಲ್ಪ ವ್ಯತ್ಯಾಸ ಕಂಡರೆ ‘ಬಹುಪಾಲು ಹೋಲುತ್ತದೆ’ ಎಂದು ಒಪ್ಪಿ, ಒಂದು ಚೌಕದಲ್ಲಿ ನಿಮ್ಮ ಚಿಕ್ಕ ಸಹಿ ಪಡೆದು ಬಿಡುತ್ತಾರೆ. ಹೆಸರೇ ಬೇರೆಯಾಗಿದ್ದರೆ ತಾತ್ಕಾಲಿಕ ಮತಪತ್ರ ಕೊಡಬಹುದು, ಅರ್ಹತೆ ಖಚಿತವಾದ ಮೇಲಷ್ಟೇ ಅದು ಎಣಿಕೆಗೆ.

ಗುರುತಿಗೆ ಫೋಟೊ ಇರುವ ದಾಖಲೆ ಬೇಕು: ಟೆಕ್ಸಸ್ ಲೈಸೆನ್ಸ್, ಅಮೆರಿಕನ್ ಪಾಸ್‌ಪೋರ್ಟ್, ಅಥವಾ ಫೋಟೊ ಇರುವ ಪೌರತ್ವ ಪ್ರಮಾಣಪತ್ರ. ಕಂಪನಿಯ ಐಡಿ, ಭಾರತದ ಪಾಸ್‌ಪೋರ್ಟ್, ಒಸಿಐ (ಸಾಗರೋತ್ತರ ಭಾರತೀಯರ) ಕಾರ್ಡ್ ನಡೆಯುವುದಿಲ್ಲ. ದಾಖಲೆ ಮರೆತು ತಾತ್ಕಾಲಿಕ ಮತ ಹಾಕಿದರೆ ಆರು ದಿನದೊಳಗೆ ಕೌಂಟಿ ಕಚೇರಿಗೆ ಹೋಗಿ ತೋರಿಸಬೇಕು, ಇಲ್ಲದಿದ್ದರೆ ಆ ಮತ ಎಣಿಕೆಗೆ ಬರದು. ಮುಂಗಡ ಮತದಾನ ಅಕ್ಟೋಬರ್ 19ರಿಂದ 30ರವರೆಗೆ. ನವೆಂಬರ್ 3ರಂದು ಮತಗಟ್ಟೆ ಬೆಳಿಗ್ಗೆ 7ರಿಂದ ಸಂಜೆ 7. ಏಳು ಗಂಟೆಗೆ ಸಾಲಿನಲ್ಲಿದ್ದರೆ ಮತ ಹಾಕಲು ಬಿಡಲೇಬೇಕು. ಫೋನನ್ನು ಒಳಗೆ ತೆಗೆಯಬೇಡಿ. ಮತದಾನದ ಜಾಗದ 100 ಅಡಿಯೊಳಗೆ ಬಳಸುವಂತಿಲ್ಲ. ಅಭ್ಯರ್ಥಿಗಳ ಹೆಸರನ್ನು ಕಾಗದದ ಚೀಟಿಯಲ್ಲಿ ಬರೆದುಕೊಂಡು ಹೋಗಬಹುದು.

ಈಗ ಮತಪತ್ರ. ಮೊದಲು ಕೇಂದ್ರದ ಸ್ಥಾನಗಳು, ಆಮೇಲೆ ಗವರ್ನರ್, ಅದರ ಕೆಳಗೆ ಲೆಫ್ಟಿನೆಂಟ್ ಗವರ್ನರ್. ಒಂದು ಪಕ್ಷಕ್ಕೆ ಒಂದೇ ಗುರುತು ಹಾಕಿ ಮುಗಿಸುವ ಸೌಲಭ್ಯವನ್ನು ಟೆಕ್ಸಸ್ 2020ರಲ್ಲಿ ತೆಗೆದುಹಾಕಿದೆ. ಗವರ್ನರ್‌ಗೆ ಹಾಕಿದ ಗುರುತು ಕೆಳಗಿನ ಸಾಲಿಗೆ ಹರಿಯುವುದಿಲ್ಲ, ಪ್ರತಿ ಸಾಲಿಗೂ ಕೈ ಹೋಗಬೇಕು. ಕಾಗದದಲ್ಲಾದರೆ ಅಂಡಾಕಾರವನ್ನು ಪೂರ್ತಿ ತುಂಬಿ, ನಮ್ಮ ಪರೀಕ್ಷೆಯ ಓಎಂಆರ್ ಹಾಳೆಯಂತೆ. ಒಂದೇ ಸ್ಥಾನಕ್ಕೆ ಎರಡು ಗುರುತು ಬಿದ್ದರೆ ಆ ಸಾಲು ಅಸಿಂಧು, ಉಳಿದವು ಸರಿಯೇ. ತಪ್ಪಾದರೆ ಗೀಚಿ ತಿದ್ದಬೇಡಿ, ಹಿಂದಿರುಗಿಸಿ ಹೊಸ ಹಾಳೆ ಕೇಳಿ. ಒಟ್ಟು ಮೂರು ಹಾಳೆಯವರೆಗೆ ಕೊಡುತ್ತಾರೆ. ಪರದೆ ಒತ್ತಿ ಕಾಗದ ಮುದ್ರಿಸುವ ಯಂತ್ರವಾದರೆ, ಕೈಗೆ ಬಂದ ಹಾಳೆಯನ್ನು ಸ್ಕ್ಯಾನರಿಗೆ ಹಾಕುವ ಮೊದಲು ಸಾಲು ಸಾಲಾಗಿ ಓದಿ. ಪರದೆಯಲ್ಲಿ ಜಾರಿಹೋದ ಸ್ಥಾನ ಎಣಿಕೆಯಲ್ಲಿ ಖಾಲಿ ಎಂದೇ ಲೆಕ್ಕ.

ಈ ಸಾಲನ್ನು ಬಿಡಬೇಡಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಜಾರ್ಜಿಯಾದಲ್ಲಿ 2018ರಲ್ಲಿ ಗವರ್ನರ್ ಸ್ಥಾನಕ್ಕೆ ಬಿದ್ದ ಮತಗಳಿಗಿಂತ ಲೆಫ್ಟಿನೆಂಟ್ ಗವರ್ನರ್ ಸ್ಥಾನಕ್ಕೆ ಸುಮಾರು 1.6 ಲಕ್ಷ ಮತ ಕಡಿಮೆ ಬಿತ್ತು. ಜೆಫ್ ಡಂಕನ್ ಗೆದ್ದದ್ದು ಸುಮಾರು 1.23 ಲಕ್ಷ ಮತಗಳಿಂದ, ಅಂದರೆ ಕಾಣೆಯಾದ ಮತವೇ ಗೆಲುವಿನ ಅಂತರಕ್ಕಿಂತ ಹೆಚ್ಚು. ಆಗಿನ ಯಂತ್ರಗಳಲ್ಲಿ ಕಾಗದದ ದಾಖಲೆ ಇರಲಿಲ್ಲವಾಗಿ, ಜನ ಬಿಟ್ಟರೋ ಯಂತ್ರ ಬಿಟ್ಟಿತೋ ಎಂದು ಪರೀಕ್ಷಿಸಲು ಕಾಗದವೇ ಇರಲಿಲ್ಲ. ಮೊಕದ್ದಮೆ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಗಿ ಬಿದ್ದುಹೋಯಿತು. 2020ರ ಹೊತ್ತಿಗೆ ಆ ಯಂತ್ರಗಳು ಹೋಗಿ ಕಾಗದ ಮುದ್ರಿಸುವವು ಬಂದವು.

ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ?
— ಗ್ರಾಮ ಪಂಚಾಯಿತಿ ಮಾಜಿ ಸದಸ್ಯರು, ಶಿರಸಿ

ಬಹುಪಾಲು ರಾಜ್ಯಗಳಲ್ಲಿ ನಮ್ಮಂತೆಯೇ, ಹೆಚ್ಚು ಮತ ಪಡೆದವರು ಗೆದ್ದಂತೆ. ಜಾರ್ಜಿಯಾದಲ್ಲಿ ಶೇ 50 ದಾಟದಿದ್ದರೆ ನಾಲ್ಕು ವಾರದ ನಂತರ ಮೊದಲಿಬ್ಬರ ನಡುವೆ ಮತ್ತೆ ಚುನಾವಣೆ. ವರ್ಮಾಂಟ್‌ದು ವಿಚಿತ್ರ: ಬಹುಮತ ಬರದಿದ್ದರೆ 180 ಶಾಸಕರು ಗುಪ್ತ ಮತದಾನದಲ್ಲಿ ಆರಿಸುತ್ತಾರೆ. 2024ರಲ್ಲಿ ರಿಪಬ್ಲಿಕನ್ ಜಾನ್ ರಾಜರ್ಸ್ ಹಾಲಿ ಲೆಫ್ಟಿನೆಂಟ್ ಗವರ್ನರ್ ಡೇವಿಡ್ ಜುಕರ್‌ಮನ್ ಅವರಿಗಿಂತ ಮುಂದಿದ್ದರೂ ಅರ್ಧ ದಾಟಲಿಲ್ಲ. 2025ರ ಜನವರಿಯಲ್ಲಿ, ಡೆಮಾಕ್ರಟರೇ ಹೆಚ್ಚಿದ್ದ ಶಾಸನಸಭೆ ಜನರ ಮತಕ್ಕೆ ಬೆಲೆ ಕೊಟ್ಟು ರಾಜರ್ಸ್ ಅವರನ್ನೇ ಆರಿಸಿತು. ವರ್ಜೀನಿಯಾದಲ್ಲಿ ಮರುಎಣಿಕೆ ತಾನಾಗಿ ಆಗುವುದಿಲ್ಲ. ಅಂತರ ಶೇ 1ರೊಳಗಿದ್ದರೆ ಸೋತವರು ಕೇಳಬೇಕು, ಶೇ 0.5ರೊಳಗಿದ್ದರೆ ಖರ್ಚು ಸರ್ಕಾರದ್ದು.

ಉಚ್ಚಾರಣೆ ‘ಲೆಫ್ಟಿನೆಂಟ್’ ಅಥವಾ ‘ಲೂಟೆನೆಂಟ್’?
— ಓದುಗರು, ವಿಜಯಪುರ

ಬ್ರಿಟಿಷರಿಂದ ಕಲಿತ ನಮಗೆ ಲೆಫ್ಟಿನೆಂಟ್, ಅಮೆರಿಕದವರಿಗೆ ಲೂಟೆನೆಂಟ್. ಬರಹ ಒಂದೇ.

ಮಗ ಅಮೆರಿಕದ ಪೌರನಾದ. ಇಲ್ಲಿನ ಮತದಾರರ ಪಟ್ಟಿಯಲ್ಲಿ ಅವನ ಹೆಸರು ಇನ್ನೂ ಇದೆ. ಊರಿಗೆ ಬಂದಾಗ ಇಲ್ಲೂ ಮತ ಹಾಕಬಹುದೇ?
— ಕೃಷಿಕರು, ಹಾವೇರಿ

ಹಾಕುವಂತಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ, ಬೇರೆ ದೇಶದ ಪೌರತ್ವ ಪಡೆದ ದಿನವೇ ಭಾರತದ ಪೌರತ್ವ ಕೊನೆಯಾಗುತ್ತದೆ. ಒಸಿಐ ಕಾರ್ಡ್ ಇದ್ದರೂ ಮತದ ಹಕ್ಕಿಲ್ಲ. ಪಟ್ಟಿಯಲ್ಲಿ ಹೆಸರು ಉಳಿದಿದೆ ಎಂಬುದು ಹಕ್ಕು ಕೊಡುವುದಿಲ್ಲ. ನಮೂನೆ 7ನ್ನು ಆನ್‌ಲೈನಿನಲ್ಲಿ ಅಥವಾ ನಿಮ್ಮ ಭಾಗದ ಬೂತ್ ಮಟ್ಟದ ಅಧಿಕಾರಿಯ ಮೂಲಕ ಸಲ್ಲಿಸಿ ಹೆಸರು ತೆಗೆಸಿ. ಭಾರತದ ಪಾಸ್‌ಪೋರ್ಟನ್ನೂ ಅಲ್ಲಿನ ನಮ್ಮ ದೂತಾವಾಸದ ಮೂಲಕ ಒಪ್ಪಿಸಿ ಸರೆಂಡರ್ ಪ್ರಮಾಣಪತ್ರ ಪಡೆಯಬೇಕು, ಒಸಿಐ ಅರ್ಜಿಗೂ ಅದು ಬೇಕಾಗುತ್ತದೆ. ಸೊಸೆ ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಅವರ ಹಕ್ಕು ಹೋಗಿಲ್ಲ. ನಮೂನೆ 6ಎ ತುಂಬಿ ಸಾಗರೋತ್ತರ ಮತದಾರರಾಗಿ ಸೇರಬಹುದು, ಮತದಾನದ ದಿನ ಮೂಲ ಪಾಸ್‌ಪೋರ್ಟ್ ಹಿಡಿದು ಸ್ವತಃ ಹಾವೇರಿಯ ಮತಗಟ್ಟೆಗೇ ಬರಬೇಕು.